ಚಿಲಕದ ಪಕ್ಕದ ತೇಪೆ

ಬಾಗಿಲ ಚೌಕಟ್ಟನ್ನು ಸವರುತ್ತಿದ್ದ ಬಡಗಿಯ ಹೆಬ್ಬೆರಳು ಚಿಲಕದ ಬಳಿ ನಿಂತಿತು. ಅಲ್ಲಿ ಗೇಣುದ್ದದ ಹೊಸ ಮರದ ತೇಪೆಯಿತ್ತು, ಮೇಲೆ ದಪ್ಪಗೆ ಬಣ್ಣ ಬಳಿದಿತ್ತು. ಬೆರಳು ಅದರ ಸಂದನ್ನು ಎರಡು ಸಲ ಒತ್ತಿ ನೋಡಿ, ಏನೋ ನೆನಪಾದಂತೆ ಜೇಬು ಸೇರಿತು. ಅವನ ಹೆಂಡತಿ ಅದನ್ನೇ ನೋಡುತ್ತಿದ್ದಳು.

“ಈ ಬಾಡಿಗೆಗೆ ಬೇರೆ ಕಡೆ ಬಚ್ಚಲುಮನೆಯೂ ಸಿಗಲ್ಲ,” ಎಂದಳು ಮನೆಯೊಡತಿ. “ಏರಿಯಾನೂ ಬಂಗಾರದಂಥದ್ದು.”

“ಬಂಗಾರಾನ ಇಷ್ಟು ಅಗ್ಗಕ್ಕೆ ಯಾಕೆ ಕೊಡ್ತೀರಿ?” ಎಂದು ಕೇಳಿದಳು ಹೆಂಡತಿ.

ಗಂಡ ರೇಗಿದ. “ಎಲ್ಲದಕ್ಕೂ ಕೊಂಕು ತೆಗೀಬೇಡ. ನನ್ನ ವರ್ಕ್‌ಶಾಪಿಗೆ ಇಲ್ಲಿಂದ ನಡೆದೇ ಹೋಗಬಹುದು.”

“ನೀವು ನಡೀತೀರಿ. ಆಸ್ಪತ್ರೆ ಡ್ಯೂಟಿ ಮುಗಿಸಿ ಎರಡು ಬಸ್ಸು ಹತ್ತಿಳಿದು ಬರೋಳು ನಾನು. ನೀವು ಕೆಲಸದ ಮೇಲೆ ಊರೂರು ತಿರುಗೋವಾಗ ಇಲ್ಲಿ ಒಬ್ಬಳೇ ಇರೋಳೂ ನಾನೇ. ಆ ಚಿಲಕದ ಹತ್ತಿರ ಏನಿತ್ತು?”

“ಏನಿಲ್ಲ. ಧೂಳು.”

ನೆಂಟರ ಮನೆಗೆ ಹೋದರೂ ಮೊದಲು ಬಾಗಿಲು ಸವರಿ, ಇದು ಸಾಗವಾನಿ, ಇದು ಬರೀ ತೇಪೆ ಎಂದು ಯಾರೂ ಕೇಳದೆಯೇ ಸಾರಿ, ಒಂಬತ್ತು ವರ್ಷದಿಂದ ಅವಳ ಮಾನ ಕಳೆಯುತ್ತಿದ್ದವನು ಇವನು. ಇವತ್ತು ಬಾಯಿ ಬಿಡಲಿಲ್ಲ. ಅವಳು ಮನೆಯೊಡತಿಯ ಕಡೆಗೆ ತಿರುಗಿದಳು.

“ಅಮ್ಮಾ, ಕಳ್ಳರು ಈ ಬಾಗಿಲನ್ನ ಎಷ್ಟು ಸಲ ಒಡೆದಿದ್ದಾರೆ?”

“ಒಂದೇ ಸಲ ಕಣಮ್ಮ, ಹೋದ ತಿಂಗಳು. ನಿಮ್ಮ ಯಜಮಾನ್ರೇ ಬಂದು ಸರಿ ಮಾಡಿಕೊಟ್ರಲ್ಲ. ಮನೆ ಖಾಲಿ ಇದೆ ಅಂದಿದ್ದಕ್ಕೆ ಅವತ್ತೇ ಬಾಡಿಗೆಗೆ ಕೇಳಿ ಹೋದ್ರು. ನಿಮಗೆ ಹೇಳಿಲ್ವಾ?”

ಹೆಂಡತಿ ಗಂಡನ ಮುಖ ನೋಡಲಿಲ್ಲ. ಅವನ ಕೈಯಿದ್ದ ಜೇಬನ್ನು ನೋಡಿದಳು.

“ಬೀಗದಕೈ ಅವರಿಗೇ ಕೊಡಿ,” ಎಂದಳು. “ಅವರೊಬ್ಬರೇ ಇರ್ತಾರೆ.”