ಕಾರು ಕುದಿಯುವ ಮನೆಯ ಹುಡುಗಿ

ಕಾರು ತಾನಾಗಿ ಕುದಿಯುತ್ತಿಲ್ಲ, ಯಾರೋ ಬೇಕೆಂದೇ ಕುದಿಸುತ್ತಿದ್ದಾರೆ ಎಂದು ಬಾನೆಟ್ ಎತ್ತಿದ ಕೂಡಲೇ ಹೊನ್ನಪ್ಪನಿಗೆ ಗುಮಾನಿ ಬಂತು. ಆ ಯಾರೋ ಬೇರೆ ಯಾರೂ ಅಲ್ಲ, ನೆರಳಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದ ರುದ್ರಪ್ಪನವರೇ. ಗದಗಿನ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು, ದೇವರು ಕಣ್ಣು ಬಿಟ್ಟರೆ ಮಾವನಾಗಲಿರುವವರು.

ಎಂಬತ್ತನಾಲ್ಕರ ಮೇ ತಿಂಗಳು. ಹೊನ್ನಪ್ಪ ತುಮಕೂರಿನಿಂದ ನಾಗಪುರದ ಕಾರ್ಖಾನೆಗೆ ವರ್ಗವಾಗಿ ಬಂದ ಇಂಜಿನಿಯರು. ಮೂವತ್ತೈದು ದಾಟಿದರೂ ಕಂಕಣಭಾಗ್ಯ ಕೂಡಿಬಂದಿರಲಿಲ್ಲ. ಊರಿನ ಹೆಣ್ಣುಗಳೆಲ್ಲ ನಾಗಪುರದ ಬಿಸಿಲಿನ ನೆಪ ಹೇಳಿ ಜಾರಿಕೊಂಡಿದ್ದರು. ಈ ಸಂಬಂಧವೂ ತಪ್ಪಿದರೆ ಸಾಯುವವರೆಗೆ ಕ್ಯಾಂಟೀನ್ ಊಟವೇ ಗತಿ.

ಸದರ್ ಬಡಾವಣೆಯ ಈ ಮನೆ ತೋರಿಸಿದವನು ಕಾರ್ಖಾನೆಯ ಜೊತೆಗಾರ ಕೃಷ್ಣಪ್ಪ. "ಹೋಗಿ ನೋಡು. ಒಬ್ಬಳೇ ಮಗಳು, ಬೇಬಿ ಅಂತ. ಅಪ್ಪನಿಗೆ ಹಳೇ ವಿಲಾಯತಿ ಕಾರಂದ್ರೆ ಪ್ರಾಣ," ಎಂದು ಮುಗುಳ್ನಕ್ಕಿದ್ದ. ಅವನೂ ಇಲ್ಲಿ ವಾಟರ್ ಪಂಪ್ ಬದಲಿಸಿ ಹೋದವನೇ. ಅವನಿಗೂ ಮುಂಚೆ ಒಬ್ಬ ರೇಡಿಯೇಟರ್ ತೊಳೆದಿದ್ದ, ಇನ್ನೊಬ್ಬ ಥರ್ಮೋಸ್ಟಾಟ್ ಹಾಕಿದ್ದ. ಎಲ್ಲರೂ ಬ್ರಹ್ಮಚಾರಿಗಳು, ಎಲ್ಲರೂ ಫೇಲು. ಇದು ವರಪರೀಕ್ಷೆ ಎಂದು ತಿಳಿಯದಷ್ಟು ಪೆದ್ದರು, ಪಾಪ.

"ಬೇಬಿಗೆ ಈಗಂತೂ ಸೆಕಿ ಒಟ್ಟ ತಡಿಯೂದಿಲ್ರಿ," ಎಂದರು ರುದ್ರಪ್ಪ. "ನಡುದಾರ್ಯಾಗ ಗಾಡಿ ಕುದ್ದು ನಿಂತ್ರ ಆಕಿ ಗತಿ ಏನು? ಅದೊಂದ ನನಗ ಚಿಂತಿ."

"ಆ ಚಿಂತೆ ನನಗೆ ಬಿಡಿ ಸಾರ್," ಎಂದ ಹೊನ್ನಪ್ಪ, ಒಳಮನೆಗೂ ಕೇಳಿಸುವಂತೆ. ಒಳಗೆ ಬಳೆಯ ಸದ್ದಾಯಿತು. ಹುಡುಗಿಗೆ ನಾಚಿಕೆ ಎಂದುಕೊಂಡ.

ಹೊರಬಂದವರು ಮಾತ್ರ ರುದ್ರಪ್ಪನವರ ಹೆಂಡತಿ ಕಲಾವತಿ. ತಟ್ಟೆಯಲ್ಲಿ ಅಂಟು, ಉತ್ತತ್ತಿ, ಒಣಕೊಬ್ಬರಿಯ ತುಪ್ಪದ ಉಂಡೆ. "ಡಬ್ಬಿ ತುಂಬ ಮಾಡೇನಿ. ರುಚಿ ಹ್ಯಾಂಗ ಆಗ್ಯಾವ ನೋಡಿ ಹೇಳ್ರಿ."

ಕೃಷ್ಣಪ್ಪನನ್ನು ಬರೀ ಚಹಾ ಕೊಟ್ಟು ಸಾಗಹಾಕಿದ ಮನೆಯಲ್ಲಿ ತನಗೆ ತುಪ್ಪದ ಉಂಡೆ. ಆ ಬಿಸಿಲಿನಲ್ಲಿ ಮೈಯೆಲ್ಲ ಕಾದರೂ ಹೊನ್ನಪ್ಪ ಎರಡು ತಿಂದ.

ಆಮೇಲೆ ರುದ್ರಪ್ಪನವರಿಗೆ ಆಕ್ಸಿಲರೇಟರ್ ಒತ್ತಲು ಹೇಳಿ ತಾನು ಬಗ್ಗಿ ನೋಡಿದ. ಇಂಜಿನ್ ವೇಗ ಏರುತ್ತಿದ್ದಂತೆ ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಮುದುಕಿಯ ಕೆನ್ನೆಯ ಹಾಗೆ ಒಳಸೇರಿ ಚಪ್ಪಟೆಯಾಯಿತು. ಇಂಜಿನ್ನಿಗೆ ನೀರು ಹೋಗುವ ದಾರಿಯೇ ಬಂದ್. ಕಾರು ನಿಂತಾಗ ಪೈಪು ದುಂಡಗೆ, ಸಾಧುವಾಗಿ ಇರುತ್ತಿತ್ತು. ಹಾಗಾಗಿ ಆ ಮೂವರಿಗೂ ಕಂಡಿರಲಿಲ್ಲ. ಬಿಚ್ಚಿದರೆ, ಪೈಪನ್ನು ಒಳಗಿನಿಂದ ಹಿಗ್ಗಿಸಿ ಹಿಡಿಯುವ ಸ್ಪ್ರಿಂಗೇ ಇಲ್ಲ, ಒಂದಿಷ್ಟು ತುಕ್ಕಿನ ಪುಡಿ ಮಾತ್ರ. ಮುದುಕ ತೆಗೆದಿಟ್ಟಿದ್ದಾನೆ ಎಂದು ಹೊನ್ನಪ್ಪ ತೀರ್ಮಾನಿಸಿದ. ಎಂಥ ಕಿಲಾಡಿ. ಮಾವನ ಮೇಲೆ ಅವನಿಗೆ ಗೌರವವೇ ಹುಟ್ಟಿತು.

ಸ್ಪ್ರಿಂಗಿರುವ ಹೊಸ ಪೈಪು ತಾನೇ ತಂದು ಹಾಕಿದ. ಕಾರು ಸದರ್ ಪೂರ್ತಿ ಸುತ್ತಿ ಬಂದರೂ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ.

"ನಿಮ್ಮಂಥಾ ಹುಡುಗ ಸಿಗಾಕ ಪುಣ್ಯ ಮಾಡಿರಬೇಕು ನೋಡ್ರಿ," ಎಂದು ರುದ್ರಪ್ಪ ಬೆನ್ನು ತಟ್ಟಿದರು.

ಆಗಲೇ ಮನಸ್ಸಿನಲ್ಲಿ ಮಂಡಿಗೆ ಮೆಲ್ಲುತ್ತಿದ್ದ ಹೊನ್ನಪ್ಪ ಕರವಸ್ತ್ರದಿಂದ ಮುಖ ಒರೆಸಿಕೊಂಡು ಧೈರ್ಯ ಮಾಡಿದ. "ಹಾಗಾದ್ರೆ ಸಾರ್, ಬೇಬಿಯವರನ್ನ ಕೂರಿಸ್ಕೊಂಡು ಒಂದು ಸಲ..."

"ಮತ್ತ ಅದಕ್ಕ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿಸಿದ್ದು? ಜಲ್ದಿ ಹತ್ರಿ, ಸ್ಟೇಷನ್ನಿಗೆ ಹೋಗೂಣು. ಚೊಚ್ಚಲ ಬಾಣಂತನಕ್ಕ ಬರಾಕತ್ತಾಳ. ಬರೂ ಮುಂದ ಕಾರಿನಾಗ ಆಕಿ, ಅಳಿಯಂದ್ರು ಕುಂಡ್ರತಾರ, ನೀವು ಸಾಮಾನಿನ ಜೋಡಿ ರಿಕ್ಷಾದಾಗ ಬಂದ್ಬಿಡ್ರಿ."