ಹಳದಿ ಬೈರಾಸು

ದ್ವೀಪಗಳು ಮುಳುಗಿದ ಮೇಲೆ ಅಲ್ಲಿಂದ ಬಂದವರ ಬೆವರಿನ ಉಪ್ಪುವಾಸನೆ ಎಷ್ಟು ಮಿಂದರೂ ಹೋಗುತ್ತಿರಲಿಲ್ಲ. ಸರ್ಕಾರದ ಉಕ್ಕಿನ ನಾಯಿಗಳು ಆ ವಾಸನೆ ಹಿಡಿದೇ ಅವರನ್ನು ಎಳೆದೊಯ್ಯುತ್ತಿದ್ದವು. ಮೀನು ಮಾರ್ಕೆಟಿನಲ್ಲಿ ಮಾತ್ರ ಅವುಗಳ ಆಟ ನಡೆಯುತ್ತಿರಲಿಲ್ಲ. ದಿನವಿಡೀ ಮೀನಿಗೆ ಉಪ್ಪು ತುಂಬುವ ಹೆಂಗಸರೆಲ್ಲರ ಮೈಯಲ್ಲೂ ಅದೇ ವಾಸನೆ. ಹಾಗಾಗಿ ಬೇಬಿಯಕ್ಕ ದ್ವೀಪದ ಹುಡುಗಿ ಹವ್ವಳನ್ನು ತನ್ನ ಪಕ್ಕದಲ್ಲೇ ಮೀನು ಕೊಯ್ಯಲು ಕೂರಿಸಿಕೊಂಡಿದ್ದಳು.

ಇವತ್ತು ನಾಯಿ ಬೇರೆ ಯಾರನ್ನೂ ಮೂಸದೆ ನೇರವಾಗಿ ಬಂದು ಹವ್ವಳ ತೋಳು ಕಚ್ಚಿತು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು.

“ಕರೆದ್ರೆ ಅವಳೇ ಎದ್ದು ಬರ್ತಿದ್ಲು, ಕಚ್ಚಿಸುವುದು ಯಾಕೆ?” ಬೇಬಿಯಕ್ಕ ನಾಯಿಯ ಹಿಂದೆಯೇ ಬಂದ ಇನ್‌ಸ್ಪೆಕ್ಟರಿಗೆ ಅಡ್ಡ ನಿಂತಳು. “ಈ ನಾಯಿಗಳನ್ನು ತಂದ ಮಂತ್ರಿಗಳ ಮನೆಯಲ್ಲಿ ಮೊನ್ನೆ ನೆಂಟರಿಗೆ ಮೀನುಸಾರು ಮಾಡಿದ್ದು ಇವಳೇ. ಬೇಕಾದ್ರೆ ಫೋನ್ ಮಾಡಿ ಕೇಳಿ.”

ಇನ್‌ಸ್ಪೆಕ್ಟರ್ ಕಿಸೆಯಿಂದ ಹಳದಿ ಬೈರಾಸೊಂದನ್ನು ತೆಗೆದ. ಹವ್ವ ಬೆವರು ಒರೆಸಿಕೊಳ್ಳುತ್ತಿದ್ದದ್ದು, ಆ ಅಡುಗೆಮನೆಯಲ್ಲಿ ಮರೆತು ಬಂದದ್ದು.

“ನಾಯಿಗೆ ಮೂಸಿಸ್ಲಿಕ್ಕೆ ಇದನ್ನು ಅವರೇ ಕಳಿಸಿದ್ದು, ಅಕ್ಕ. ಚುನಾವಣೆ ಹತ್ತಿರ ಬಂತಲ್ಲ.”

ಸಂಜೆ ಮಂತ್ರಿಗಳ ಡ್ರೈವರ್ ಎಂದಿನಂತೆ ಮೀನಿಗೆ ಬಂದ. ಅಂಜಲ್ ಮೀನು ಕಟ್ಟಿಸಿಕೊಂಡು, ದನಿ ತಗ್ಗಿಸಿ ಕೇಳಿದ: “ಬೇಬಿಯಕ್ಕ, ಅಮ್ಮ ಕೇಳ್ತಿದ್ದಾರೆ. ಹವ್ವನ ಹಾಗೆ ಸಾರು ಮಾಡುವ ದ್ವೀಪದವರು ಇಲ್ಲಿ ಬೇರೆ ಯಾರಾದ್ರೂ ಇದ್ದಾರಾ?”

ಬೇಬಿಯಕ್ಕ ಅವನ ಕೈಯಿಂದ ಮೀನಿನ ಚೀಲವನ್ನು ಹಿಂದಕ್ಕೆ ತೆಗೆದುಕೊಂಡಳು.

“ಸಾರು ಮಾಡ್ಲಿಕ್ಕಾ, ಅಲ್ಲ ನಾಯಿಗೆ ಹಾಕ್ಲಿಕ್ಕಾ?”