ಹುಲಿಕಲ್ ಘಾಟಿಯ ಬ್ರೇಕು

ಮುಕುಂದಯ್ಯ ಛಾಪಾ ಕಾಗದವನ್ನು ಗಾಡಿಯ ಮೂಕಿಯ ಮೇಲೆ ಹರಡಿ, "ಇಲ್ಲಿ ಸಹಿ ಹಾಕು ವಾಸಪ್ಪ," ಎಂದರು. ಸಾಗರದಲ್ಲಿ ಅವರದು ಎತ್ತಿನಗಾಡಿ ಕಟ್ಟುವ ದೊಡ್ಡ ಕಾರ್ಖಾನೆ. "ನಿನ್ನ ಬ್ರೇಕಿಗೆ ಸಾವಿರ ರೂಪಾಯಿ ಈಗ್ಲೇ ಕೊಡ್ತೀನಿ. ಕಲ್ಕತ್ತಾದ ಸರ್ಕಾರಿ ಕಚೇರಿಗೆ ಬರೆದು ನನ್ನ ಹೆಸರಿಗೆ ಪೇಟೆಂಟ್ ಮಾಡಿಸೋ ಖರ್ಚೂ ನಂದೇ."

ವಾಸಪ್ಪ ಹೊಸನಗರದ ಗಾಡಿಯವನು. ೧೯೬೧ರಲ್ಲಿ ಹುಲಿಕಲ್ ಘಾಟಿ ಇಳಿಯುವಾಗ ಅವನ ಅಣ್ಣನ ಗಾಡಿ ಹೇರಿನ ಭಾರಕ್ಕೆ ಎತ್ತುಗಳ ಮೇಲೆ ನುಗ್ಗಿ ಕಣಿವೆಗೆ ಉರುಳಿತ್ತು. ಅಣ್ಣ ಉಳಿಯಲಿಲ್ಲ. ಆಮೇಲೆ ಎರಡು ವರ್ಷ ಮರ ಕೆತ್ತಿ, ಕೆಡಿಸಿ, ಮತ್ತೆ ಕೆತ್ತಿ ವಾಸಪ್ಪ ಒಂದು ಬ್ರೇಕು ಮಾಡಿದ್ದ. ಗಾಡಿ ಮುಂದಕ್ಕೆ ನುಗ್ಗಿದಷ್ಟೂ ಅದರ ಹಲಗೆ ತಾನಾಗಿಯೇ ಚಕ್ರಕ್ಕೆ ಒತ್ತಿಕೊಳ್ಳುತ್ತಿತ್ತು. ಯಾರೂ ಇಳಿದು ಹಗ್ಗ ಎಳೆಯಬೇಕಾಗಿರಲಿಲ್ಲ.

"ಪೇಟೆಂಟ್ ಆದ್ಮೇಲೆ ಬೇರೆ ಗಾಡಿಯೋರು ಇದನ್ನ ಮಾಡ್ಕೊಬಹುದಾ?"

"ಹದಿನಾರು ವರ್ಷ ನನ್ನ ಅಪ್ಪಣೆ ಇಲ್ದೆ ಯಾರೂ ಮಾಡೋ ಹಾಗಿಲ್ಲ. ಬೇಕಾದೋರು ನನ್ನತ್ರ ಕೊಂಡ್ಕೋಬೇಕು."

ವಾಸಪ್ಪ ಕಾಗದ ಮಡಚಿ ಅವರ ಕೈಗೇ ಕೊಟ್ಟ. ಮುಕುಂದಯ್ಯನವರ ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ನನ್ನ ಹೆಸರಲ್ಲೇ ಬರೆದು ಕಳಿಸ್ತೀನಿ. ಮೊನ್ನೆ ಬಂದಾಗ್ಲೇ ನಮ್ಮ ಬಡಗಿ ಅಳತೆ ತಗೊಂಡಾಗಿದೆ. ಆಮೇಲೆ ನಿನ್ನ ಗಾಡೀದೂ ಬಿಚ್ಚಿಡ್ಬೇಕಾಗ್ತದೆ, ನೋಡು."

ಮರುದಿನ ಬೆಳಗಿನ ಬಸ್ಸಿಗೇ ವಾಸಪ್ಪ ಸಾಗರಕ್ಕೆ ಹೊರಟ. ಅಣ್ಣನ ಹೆಂಡತಿ ದುಗ್ಗಮ್ಮನೂ ಜೊತೆಗೆ ಬಂದಳು. ಅಲ್ಲಿ ಮದುವೆ ಕಾಗದ ಅಚ್ಚು ಹಾಕುವ ಯಶೋಧರ ಒಂದಷ್ಟು ಕಾಲ ಕಾನೂನು ಓದಿದವನು. ಎಲ್ಲವನ್ನೂ ಕೇಳಿ ಅವನು ಕನ್ನಡಕ ತೆಗೆದಿಟ್ಟ.

"ನೀನೇ ಅರ್ಜಿ ಹಾಕಬಹುದು. ಅದಕ್ಕೆ ವಕೀಲರು ಬೇಕು, ದುಡ್ಡು ಬೇಕು. ಇನ್ನೊಂದು ದಾರಿ ಇದೆ. ಪೇಟೆಂಟ್ ಸಿಗೋದು ಹೊಸದಕ್ಕೆ ಮಾತ್ರ. ಅವರ ಅರ್ಜಿ ಹೋಗೋ ಮೊದ್ಲೇ ಇದು ಅಚ್ಚಾಗಿ ಊರೂರಿಗೆ ಹಂಚಿಹೋದ್ರೆ, ಹೊಸದು ಅನ್ನೋಕೆ ಅವರಿಗೆ ಬರಲ್ಲ." ಕನ್ನಡಕ ಒರೆಸುತ್ತ ಸೇರಿಸಿದ: "ನಿಂಗೂ ಬರಲ್ಲ ವಾಸಪ್ಪ. ನಿಂದು ಅಂತ ಏನೂ ಉಳಿಯಲ್ಲ."

ವಾಸಪ್ಪ ತನ್ನ ಅಂಗೈಯ ಉಳಿ ಗಾಯಗಳನ್ನೇ ನೋಡುತ್ತ ಕೂತ. ಎರಡು ವರ್ಷ!

ದುಗ್ಗಮ್ಮ ಮೆಲ್ಲಗೆ ಕೇಳಿದಳು: "ಅವತ್ತು ಈ ಬ್ರೇಕು ಸಾಹುಕಾರರ ಅಂಗಡೀಲಿ ಇದ್ದಿದ್ರೂ, ನಿಮ್ಮಣ್ಣಂಗೆ ಕೊಳ್ಳೋಕಾಗ್ತಿತ್ತಾ?"

"ಅಚ್ಚು ಹಾಕಿ," ಎಂದ ವಾಸಪ್ಪ.

ಬ್ರೇಕಿನ ಚಿತ್ರ, ಒಂದೊಂದು ತುಂಡಿನ ಅಳತೆ, ಕೆಳಗೆ ತಾರೀಕು. ಆ ಸಂಜೆಯೇ ಸಾವಿರ ಕರಪತ್ರ ಆದವು. ಯಶೋಧರ ಒಂದೊಂದನ್ನು ಶಿವಮೊಗ್ಗದ ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದ. ಉಳಿದದ್ದನ್ನು ವಾಸಪ್ಪ, ದುಗ್ಗಮ್ಮ ಹೊಸನಗರದ ಸಂತೆಯಲ್ಲಿ, ತೀರ್ಥಹಳ್ಳಿಯ ಗಾಡಿ ಅಡ್ಡೆಯಲ್ಲಿ ಹಂಚಿದರು. ಓದಲು ಬಾರದವರಿಗೆ ವಾಸಪ್ಪ ತನ್ನ ಗಾಡಿಯ ಬ್ರೇಕನ್ನೇ ಬಿಚ್ಚಿ, ಮತ್ತೆ ಜೋಡಿಸಿ ತೋರಿಸಿದ.

ಎಂಟನೇ ದಿನ ಮುಕುಂದಯ್ಯ ಬಂದರು. ಕರಪತ್ರ ಅವರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

"ನಾನು ಅರ್ಜಿ ಕಳಿಸೋ ಮೊದ್ಲೇ ಕೆಡಿಸಿಬಿಟ್ಯಲ್ಲೋ! ಇನ್ನು ಕಂಡಕಂಡೋರೆಲ್ಲ ಇದನ್ನ ಮಾಡ್ತಾರೆ!"

"ಮಾಡ್ಲಿ ಅಂತ್ಲೇ ಹಂಚಿದ್ದು. ನೀವೂ ಮಾಡಿ ಸಾಹುಕಾರ್ರೇ." ವಾಸಪ್ಪ ಆ ಕಾಗದವನ್ನು ಅವರ ಕೈಯಿಂದ ಬಿಡಿಸಿಕೊಂಡು, ತೊಡೆಯ ಮೇಲಿಟ್ಟು ನೇರ ಮಾಡಿ, ಚಿತ್ರದ ಮೇಲೆ ಬೆರಳಿಟ್ಟ. "ಹಲಗೆಗೆ ಮಾತ್ರ ಮತ್ತಿ ಮರಾನೇ ಹಾಕಿ. ಮೆದು ಮರ ಹಾಕಿದ್ರೆ ಘಾಟಿಯ ಮೂರನೇ ತಿರುವಿಗೇ ಹೊಗೆ ಬರ್ತದೆ."